ಗಾಳಿಗೆ ನಿಲ್ಲುವ ಲೈಟರ್

ನನ್ನ ಬ್ಯಾಗಿನಲ್ಲಿ ಒಂದು ಲೈಟರ್ ಇರುತ್ತದೆ. ರಾಯಚೂರಿನಿಂದ ದಿನಾ ದೇವದುರ್ಗದ ಶಾಲೆಗೆ ಹೋಗಿ ವಿಜ್ಞಾನ ಕಲಿಸುವ, ಐವತ್ತರ ಹತ್ತಿರ ಬಂದಿರುವ, ಪಕ್ಕದಲ್ಲಿ ಬೀಡಿ ವಾಸನೆ ಬಂದರೆ ಬಸ್ಸಿನಲ್ಲಿ ಸೀಟು ಬದಲಿಸುವ ಹೆಂಗಸಿನ ಬ್ಯಾಗಿನಲ್ಲಿ! ಒಂದು ದಿನ ಕೆಂಪು ಪೆನ್ನು ಹುಡುಕುವಾಗ ಅದು ಸ್ಟಾಫ್ ರೂಮಿನ ಟೇಬಲ್ ಮೇಲೆ ಉರುಳಿಬಿತ್ತು. ಎದುರಿಗೆ ಕೂತಿದ್ದ ಗಣಿತದ ಸರ್ ಕನ್ನಡಕದ ಮೇಲಿಂದ ನೋಡಿ, "ಯಾವಾಗಿಂದ್ರೀ ಟೀಚರ್?" ಎಂದರು. "ನಿಮ್ಮ ಕ್ಲಾಸಿನ ಗದ್ದಲ ಕೇಳಿ ಕೇಳಿ ಶುರು ಮಾಡೀನ್ರಿ ಸರ್" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕು ಅದನ್ನು ಒಳಗೆ ಹಾಕಿಕೊಂಡೆ. ನಿಜ ಹೇಳಹೊರಟಿದ್ದರೆ ನನಗೆ ಅಳು ಬರುತ್ತಿತ್ತು.

ಆ ಲೈಟರಿಗೆ ಕೆಲಸ ಇರುವುದು ವರ್ಷಕ್ಕೆ ಒಂದೇ ದಿನ. ನಮ್ಮಲ್ಲಿ ತೀರಿಕೊಂಡವರನ್ನು ಮಣ್ಣು ಮಾಡುತ್ತೇವೆ. ವರ್ಷ ತುಂಬಿದಾಗಲೆಲ್ಲ ಆ ತಿಥಿಗೆ ಸಮಾಧಿಯ ಮುಂದೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನೇನು ಸೇರುತ್ತಿತ್ತೋ ಅದೆಲ್ಲ ಎಡೆಯಲ್ಲಿರಬೇಕು. ಅಪ್ಪನಿಗೆ ಸೇರುತ್ತಿದ್ದದ್ದು ಜೋಳದ ರೊಟ್ಟಿ, ಪುಂಡಿ ಪಲ್ಯ, ಮಾನ್ವಿ ಬಸ್ ನಿಲ್ದಾಣದ ಎದುರಿನ ಮಿರ್ಚಿ, ಸಕ್ಕರೆ ಜಾಸ್ತಿ ಹಾಕಿದ ಚಹಾ, ಮತ್ತು ಬೀಡಿ. ಬೀಡಿಯನ್ನು ಸುಮ್ಮನೆ ಇಡುವಂತಿಲ್ಲ, ಹಚ್ಚಿ ಇಡಬೇಕು. ಅದು ಕೊನೆಯವರೆಗೆ ಉರಿದರೆ ಹೋದವರು ಸೇದಿದರು ಎಂದು ಅರ್ಥ. ನಡುವೆ ಆರಿದರೆ ಯಾರ ಮೇಲೋ ಇನ್ನೂ ಸಿಟ್ಟಿದೆ ಎಂದು ಅರ್ಥ. ನಾನು ಇದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಗೊತ್ತಿಲ್ಲ.

ಅಪ್ಪ ತೀರಿಕೊಂಡದ್ದು ಆಷಾಢದಲ್ಲಿ. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ನಮ್ಮೂರು ಹಿರೇಕೊಟ್ನೆಕಲ್ಲಿನ ಹೊರಗೆ ನಮ್ಮ ಎರಡೆಕರೆ ಹೊಲ, ಅದರ ಬದುವಿನಲ್ಲಿ ಅಪ್ಪನ ಸಮಾಧಿ. ಸುತ್ತ ಒಂದು ಗೋಡೆಯಿಲ್ಲ, ಗಿಡವಿಲ್ಲ. ಮೊದಲ ವರ್ಷದ ಎಡೆಗೆ ನಾನು, ಊರಲ್ಲೇ ಇರುವ ನನ್ನ ತಮ್ಮ, ಅಪ್ಪನ ಅಕ್ಕ, ಅಂದರೆ ನಮ್ಮ ಸೋದರತ್ತೆ, ಮೂವರು ಹೋಗಿದ್ದೆವು. ಅವ್ವನಿಗೆ ಕಣ್ಣಿನ ಆಪರೇಷನ್ ಆಗಿ ಹೊಗೆ ಧೂಳು ತಾಗಬಾರದೆಂದು ಮನೆಯಲ್ಲೇ ಬಿಟ್ಟಿದ್ದೆವು. ಹಿರಿಯ ಮಗಳು ನೀನೇ ಹಚ್ಚು ಎಂದರು. ತಮ್ಮ ಟವೆಲ್ ಅಡ್ಡ ಹಿಡಿದ. ಒಂದು ಕಡ್ಡಿಪೆಟ್ಟಿಗೆ ಪೂರ್ತಿ ಮುಗಿಯಿತು. ಬೀಡಿಯ ತುದಿ ಕರ್ರಗಾಗುವುದು, ಒಂದು ಎಳೆ ಹೊಗೆ ಬರುವುದು, ಆರುವುದು. ಹೀಗೆ ನಾಲ್ಕು ಬೀಡಿ. ಅತ್ತೆ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಹೇಳಿದಳು: "ಬಿಡವಾ, ಸಾಕು. ಅವಗ ನಿನ್ನ ಮ್ಯಾಲ ಸಿಟ್ಟು ಹೋಗಿಲ್ಲ."

ಅತ್ತೆ ಕೆಟ್ಟವಳಲ್ಲ. ಚುಚ್ಚಬೇಕೆಂದು ಹೇಳಿದ ಮಾತೂ ಅಲ್ಲ ಅದು. ಮಳೆ ಬರುವ ಹಾಗಿದೆ ಎಂದು ಹೇಳಿದಷ್ಟೇ ಸಹಜವಾಗಿ ಹೇಳಿದಳು. ಅದಕ್ಕೇ ನನ್ನ ಎದೆಗೆ ಹತ್ತಿತು.

ಸಿಟ್ಟಾಗಲು ಅಪ್ಪನಿಗೆ ಕಾರಣವಿತ್ತು. ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವನು ಅವನು. ಹೊಟ್ಟಿನ ಧೂಳು ಅರ್ಧ, ಬೀಡಿ ಅರ್ಧ, ಎರಡೂ ಸೇರಿ ಶ್ವಾಸಕೋಶ ತಿಂದು ಹಾಕಿದ್ದವು. ಕೊನೆಯ ಎರಡು ತಿಂಗಳು ರಾಯಚೂರಿನ ನನ್ನ ಮನೆಯಲ್ಲಿದ್ದ. ಮೂಗಿಗೆ ಆಕ್ಸಿಜನ್ ನಳಿಗೆ, ಮಂಚದ ಪಕ್ಕ ಗುರ್‍ರೆನ್ನುವ ಮಷೀನು. ಬೆಂಕಿ ಹತ್ತಿರ ಬರಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ದೇವರ ಮುಂದಿನ ಕಡ್ಡಿಪೆಟ್ಟಿಗೆಯನ್ನೂ ಎತ್ತಿ ಅಡುಗೆಮನೆಯ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದೆ. ಒಂದು ಮಧ್ಯಾಹ್ನ ಅಪ್ಪ ನನ್ನ ಸೆರಗು ಹಿಡಿದು ಕೇಳಿದ.

"ಯವ್ವಾ, ಒಂದಾ ಒಂದು ಬೀಡಿ ಕೊಡು. ಅರ್ಧ ಸೇದಿ ಆರಸ್ತೀನಿ."

"ಮಷೀನು ಹಚ್ಯಾರಲ್ಲಪ್ಪಾ. ಮನಿ ಸುಟ್ಟು ಹೋಗ್ತದ."

"ಬಂದ್ ಮಾಡು. ಹೊರಗ ಕಟ್ಟಿ ಮ್ಯಾಲ ಕುಂದ್ರಸು. ಎರಡು ನಿಮಿಷ."

"ಎರಡು ನಿಮಿಷದಾಗ ಉಸಿರು ನಿಂತ್ರ? ಸುಮ್ನ ಮಲಕೋ, ಹಟ ಮಾಡಬ್ಯಾಡ."

ಶಾಲೆಯಲ್ಲಿ ಬೆಳೆಸಿಕೊಂಡ ಆ ದನಿಯಲ್ಲಿ ಹೇಳಿದೆ. ಅಪ್ಪ ಸೆರಗು ಬಿಟ್ಟು ಗೋಡೆಯ ಕಡೆ ಹೊರಳಿದ. ಐದನೆಯ ದಿನಕ್ಕೆ ಹೋಗಿಬಿಟ್ಟ. ನಾನು ಮಾಡಿದ್ದು ಸರಿಯೇ. ನಾಳೆ ಅದೇ ಮಧ್ಯಾಹ್ನ ಮತ್ತೆ ಬಂದರೂ ಅದನ್ನೇ ಮಾಡುತ್ತೇನೆ. ಆದರೂ ಅವನಿಗೆ ಒಂದು ಪೂರ್ತಿ ಬೀಡಿ ಕೊಡಬೇಕು ಎನ್ನುವ ಆಸೆ ನನ್ನನ್ನು ಬಿಡಲಿಲ್ಲ. ಸತ್ತವನಿಗಾದರೂ ಸರಿ, ಮಣ್ಣಿಗಾದರೂ ಸರಿ.

ತಪ್ಪು ಬೆಂಕಿಯದು ಎಂದು ನಾನು ತೀರ್ಮಾನಿಸಿದೆ. ಗಾಳಿಗೆ ನಿಲ್ಲುವ ಬೆಂಕಿ ಸಿಕ್ಕರೆ ಬೀಡಿ ಉರಿಯುತ್ತದೆ, ಬೀಡಿ ಉರಿದರೆ ಅತ್ತೆಯ ಮಾತು ಸುಳ್ಳಾಗುತ್ತದೆ. ಮುಂದಿನ ಆಷಾಢಕ್ಕೆ ಹನ್ನೆರಡು ತಿಂಗಳಿದ್ದವು. ಪರೀಕ್ಷೆಗೆ ತಯಾರಾಗುವವರ ಹಾಗೆ ಲೈಟರುಗಳ ಬೆನ್ನು ಹತ್ತಿದೆ.

ಮೊದಲನೆಯದನ್ನು ದೇವದುರ್ಗ ಬಸ್ ನಿಲ್ದಾಣದ ಪಾನ್ ಅಂಗಡಿಯಲ್ಲಿ ಕೊಂಡೆ. ಹೆಂಗಸು ಲೈಟರ್ ಕೇಳಿದ್ದಕ್ಕೆ ಅಂಗಡಿಯವನು ಒಂದು ಕ್ಷಣ ನನ್ನ ಮುಖ ನೋಡಿ, "ಗ್ಯಾಸ್ ಒಲಿದು ಇಲ್ರೀ ಅಕ್ಕಾರ, ಸ್ಟೀಲ್ ಅಂಗಡ್ಯಾಗ ಕೇಳ್ರಿ" ಎಂದ. "ಒಲಿದಲ್ಲ, ಜೇಬಿನ್ಯಾಗ ಇಡೋದು ಕೊಡಪ್ಪ" ಎಂದೆ. ಹಸಿರು ಪ್ಲಾಸ್ಟಿಕ್ಕಿನದು ಕೊಟ್ಟ, ಯಾರಿಗೆಂದು ಕೇಳುವ ಆಸೆಯನ್ನು ಅಡಿಕೆಯ ಜೊತೆ ಅಗಿದು ನುಂಗಿದ. ಆ ಲೈಟರಿನ ಮೈ ಮಂಕಾಗಿತ್ತು, ಒಳಗೆ ಗ್ಯಾಸ್ ಎಷ್ಟಿದೆ ಎಂದು ಕಾಣುತ್ತಿರಲಿಲ್ಲ. ಮೂರು ತಿಂಗಳು ಕಪಾಟಿನಲ್ಲಿಟ್ಟು ತೆಗೆದರೆ ಚಕಮಕಿ ಕಲ್ಲು ಕಿಡಿ ಕೊಡುತ್ತಿತ್ತು, ಉರಿ ಇಲ್ಲ. ಗ್ಯಾಸೆಲ್ಲ ಹೇಳದೆ ಕೇಳದೆ ಸೋರಿ ಹೋಗಿತ್ತು.

ಎರಡನೆಯದು ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಸಿಕ್ಕ ಸ್ಟೀಲ್ ಲೈಟರ್, ಮುಚ್ಚಳ ತೆಗೆದರೆ ಟಣ್ ಎನ್ನುತ್ತಿತ್ತು. ಪೆಟ್ರೋಲಿನಿಂದ ಉರಿಯುವುದು. ಫ್ಯಾನಿನ ಮುಂದೆ ಹಿಡಿದರೂ ಆರಲಿಲ್ಲ. ಗೆದ್ದೆ ಎಂದುಕೊಂಡೆ. ಆದರೆ ಹದಿನೈದು ದಿನ ಮುಟ್ಟದೆ ಬಿಟ್ಟರೆ ಬತ್ತಿ ಒಣಗಿ ಖಾಲಿ. ದಿನವೂ ಸೇದುವವರಿಗೆ ಅದು ಒಳ್ಳೆಯದು, ವರ್ಷಕ್ಕೊಮ್ಮೆ ಹಚ್ಚುವ ನನ್ನಂಥವಳಿಗೆ ಅಲ್ಲ. ಮೂರನೆಯದು ಮೊಬೈಲ್ ಚಾರ್ಜರಿನಿಂದ ಚಾರ್ಜ್ ಆಗುವಂಥದ್ದು, ತುದಿಯಲ್ಲಿ ನೇರಳೆ ಬಣ್ಣದ ಕಿಡಿ. ಅದರ ಸಂದು ಎಷ್ಟು ಚಿಕ್ಕದೆಂದರೆ ಬೀಡಿ ಒಳಗೆ ಹೋಗುತ್ತಲೇ ಇರಲಿಲ್ಲ. ಅದನ್ನು ಹಟಕ್ಕೆ ಬಿದ್ದು ತೂರಿಸಿ ಬೆರಳು ಸುಟ್ಟುಕೊಂಡೆ. ನನ್ನ ಗಂಡ ಊಟ ಮಾಡುತ್ತಿದ್ದವರು ತಲೆ ಎತ್ತಿ, "ನಿಮ್ಮಪ್ಪಗ ಇಷ್ಟು ನಾಜೂಕ ಸಾಮಾನು ಹಿಡಸ್ತಿತ್ತಾ?" ಎಂದರು. ಹಿಡಿಸುತ್ತಿರಲಿಲ್ಲ. ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಆಮೇಲೆ ಕೆಮ್ಮುತ್ತಿದ್ದ. ಆ ಕೆಮ್ಮನ್ನು ಇನ್ನೊಂದು ಸಲ ಕೇಳಿದರೆ ಸಾಕೆನಿಸಿತು ನನಗೆ, ಊಟ ಸೇರಲಿಲ್ಲ.

ಕೊನೆಗೆ ನಿಂತದ್ದು ನಾಲ್ಕನೆಯದು. ಉದ್ದಕ್ಕೆ, ಸೂಜಿಯ ಹಾಗೆ ನೀಲಿ ಉರಿ ಉಗುಳುವ ಲೈಟರ್. ಮೈ ಪಾರದರ್ಶಕ, ಗ್ಯಾಸ್ ಎಷ್ಟಿದೆ ಎಂದು ಕಾಣುತ್ತದೆ. ಕಡಿಮೆಯಾದರೆ ಕೆಳಗಿನಿಂದ ತುಂಬಬಹುದು. ಗುಂಡಿಗೆ ಬೀಗ ಇದೆ, ಬ್ಯಾಗಿನಲ್ಲಿ ತಾನಾಗಿ ಹೊತ್ತಿಕೊಳ್ಳುವ ಭಯವಿಲ್ಲ. ರಾಯಚೂರಿನ ಬಿಸಿಲಿಗೆ ಸ್ಕೂಟರಿನ ಡಿಕ್ಕಿಯಲ್ಲಿ ಮಾತ್ರ ಇಡಬಾರದು, ಸಿಡಿಯಬಹುದು. ಪ್ರತಿ ಅಮಾವಾಸ್ಯೆಗೆ ಒಂದು ಸಲ ಒತ್ತಿ ನೋಡಿದೆ. ಆರು ತಿಂಗಳು ಒಂದು ದಿನವೂ ಕೈಕೊಡಲಿಲ್ಲ. ಮಾಳಿಗೆಯ ಮೇಲೆ ನಿಂತು ಗಾಳಿಗೆ ಎದುರಾಗಿ ಹಚ್ಚಿದೆ, ಉರಿ ಅಲ್ಲಾಡಲಿಲ್ಲ. ಅಪ್ಪಾ, ಇನ್ನು ಮೇಲೆ ಸಿಟ್ಟು ಬಿಡು ಎಂದು ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಗಿಸುತ್ತಿದ್ದವರು ತಿರುಗಿ ನೋಡಿದರು.

ಎರಡನೆಯ ವರ್ಷದ ಎಡೆಗೆ ರಾಯಚೂರಿನಿಂದ ಬೆಳಗಿನ ಬಸ್ಸು ಹಿಡಿದೆ. ಮಾನ್ವಿಯಲ್ಲಿ ಇಳಿದು ಮಿರ್ಚಿ, ಬೀಡಿ ಕಟ್ಟು ಕೊಂಡು ಟಂಟಂ ಹತ್ತಿ ಊರಿಗೆ ಹೋದೆ. ಈ ಸಲ ಅವ್ವನೂ ಬಂದಳು. ತಮ್ಮ ಸಮಾಧಿ ತೊಳೆದು ವಿಭೂತಿ ಹಚ್ಚಿದ, ಅತ್ತೆ ಎಲೆ ಹಾಸಿ ರೊಟ್ಟಿ ಪಲ್ಯ ಬಡಿಸಿದಳು. ಹೊಲದ ಮಣ್ಣೆಲ್ಲ ಎದ್ದು ಬಂದು ಕಣ್ಣಿಗೆ ರಾಚುತ್ತಿತ್ತು. ನಾನು ಲೈಟರ್ ತೆಗೆದೆ. ಬೀಡಿಯನ್ನು ಎರಡು ಬೆರಳಲ್ಲಿ ಹಿಡಿದು ಉರಿ ತಾಗಿಸಿದೆ. ಆ ಗಾಳಿಯಲ್ಲೂ ನೀಲಿ ಉರಿ ಒಂದಿಷ್ಟೂ ಬಾಗಲಿಲ್ಲ. ಬೀಡಿಯ ತುದಿ ಕೆಂಪಾಯಿತು. ಕಲ್ಲಿನ ಮೇಲೆ ಇಟ್ಟೆ. ನೋಡನೋಡುತ್ತಿದ್ದಂತೆ ಆರಿತು.

ಮತ್ತೊಂದು ಹಚ್ಚಿದೆ, ಅದೂ ಆರಿತು. ಮೂರನೆಯದನ್ನು ಅರ್ಧ ಬೀಡಿ ಸುಡುವವರೆಗೆ ಉರಿಯಲ್ಲೇ ಹಿಡಿದೆ. ಇಟ್ಟ ಮೇಲೆ ಅದೂ ಆರಿತು. ಅತ್ತೆ ನಾಲಿಗೆಯಿಂದ ಲೊಚ್ ಎಂದಳು. ಕೈಯಲ್ಲಿ ಜಗತ್ತಿನ ಅತ್ಯಂತ ನಂಬಿಕಸ್ಥ ಲೈಟರ್ ಹಿಡಿದುಕೊಂಡು ನಾನು ಹೊಲದ ಬದುವಿನಲ್ಲಿ ಅಳತೊಡಗಿದೆ.

"ಇಲ್ಲಿ ಕೊಡು" ಎಂದಳು ಅವ್ವ.

ಅವಳು ಸಮಾಧಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಳಿಗೆ ಬೆನ್ನು ಕೊಟ್ಟಳು. ಕಟ್ಟಿನಿಂದ ಒಂದು ಬೀಡಿ ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ಸಡಿಲ ಮಾಡಿ, ತುಟಿಗಿಟ್ಟಳು. ಲೈಟರ್ ಒತ್ತಿದಳು, ಎರಡು ಸಲ ಆಳವಾಗಿ ಎಳೆದಳು. ಹೊಗೆ ಮೂಗಿನಿಂದ ಬಂತು. ಕೆಮ್ಮು ಬರಲಿಲ್ಲ.

ಅತ್ತೆ ಚೀರಿದಳು. "ಏ ಏ, ಎಂಜಲ ಆತಲ್ಲಬೇ! ಎಡಿ ಬೀಡಿ ಬಾಯಿಗಿಡ್ತಾರೇನು?"

ನಾವು ಎರಡು ವರ್ಷ ಮಾಡಿದ ತಪ್ಪು ಅದೇ. ಎಡೆಯ ವಸ್ತು ಎಂಜಲಾಗಬಾರದೆಂದು ಬಾಯಿಗಿಡದೆ ಬೀಡಿ ಹಚ್ಚಿದ್ದೆವು. ಎಳೆಯದೆ ಬೀಡಿಗೆ ಬೆಂಕಿ ಒಳಗಿಳಿಯುವುದಿಲ್ಲ. ಉರಿಯಲು ಗಾಳಿ ಬೇಕೆಂದು ಪ್ರತಿ ವರ್ಷ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವ ಟೀಚರಿಗೂ ಹೊಳೆದಿರಲಿಲ್ಲ.

ಅವ್ವ ಅತ್ತೆಯ ಕಡೆ ತಿರುಗಲಿಲ್ಲ. ಬೀಡಿಯ ತುದಿ ನೋಡುತ್ತಲೇ ಹೇಳಿದಳು: "ಎಂಜಲ ಇಲ್ಲದ ಬೀಡಿ ಅವರು ಯಾವತ್ತು ಸೇದ್ಯಾರ? ಲಾರಿ ತುಂಬಿ ಬಂದ್ರ ಕೈ ಗಡಗಡ ನಡಗ್ತಿದ್ದವು, ಕಡ್ಡಿ ಹಿಡಿಯಾಕ ಬರ್ತಿದ್ದಿಲ್ಲ. ಮಿಲ್ಲಿನ ಗೇಟಿನ ಹೊರಗ ನಾನಾ ಹಚ್ಚಿ, ಎರಡು ದಮ್ಮು ಎಳದು ಬಾಯಾಗ ಇಡತಿದ್ದೆ. ಮೂವತ್ತು ವರ್ಷ."

ಅವ್ವ ಅದೇ ಮಿಲ್ಲಿನಲ್ಲಿ ಅಕ್ಕಿ ಗುಡಿಸುವ ಕೆಲಸ ಮಾಡುತ್ತಿದ್ದಳು. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಮನೆಯಲ್ಲಿ ಬೀಡಿ ಕಂಡರೆ ಸಾಕು, ಅಪ್ಪನನ್ನು ಅಂಗಳಕ್ಕೆ ಅಟ್ಟುತ್ತಿದ್ದವಳು ಇವಳೇ. ನಾನು ಹುಟ್ಟುವ ಮೊದಲಿನಿಂದ ಗೇಟಿನ ಹೊರಗೆ ಅವರಿಬ್ಬರ ನಡುವೆ ಹೀಗೊಂದು ಇತ್ತು ಎಂದು ತಿಳಿದು ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ. ನಾನು ಅಪ್ಪನನ್ನು ಒಂದೇ ಮಧ್ಯಾಹ್ನದಿಂದ ಅಳೆದು ಕೂತಿದ್ದೆ. ಅವಳ ಹತ್ತಿರ ಸಾವಿರ ಮಧ್ಯಾಹ್ನಗಳಿದ್ದವು, ಒಂದೂ ವಾಪಸ್ ಬರುವಂತಿರಲಿಲ್ಲ.

ಅವ್ವ ಬೀಡಿಯನ್ನು ಕಲ್ಲಿನ ಮೇಲೆ ಇಟ್ಟಳು. ಅದು ಕೆಂಪಗೆ ಉರಿಯುತ್ತ, ಗಾಳಿಗೆ ಇನ್ನಷ್ಟು ಕೆಂಪಾಗುತ್ತ, ನೂಲು ಕಟ್ಟಿದ ಜಾಗದವರೆಗೂ ಹೋಯಿತು. ಅತ್ತೆ ಕೈ ಮುಗಿದಳು. "ಸೇದಿದ ನೋಡವಾ" ಎಂದು ನನಗೆ ಹೇಳಿದಳು, ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. ತಮ್ಮ ಎಡೆ ಎತ್ತತೊಡಗಿದ. ನನ್ನ ಕೆಲಸ ಮುಗಿದಿತ್ತು, ಒಂದು ವರ್ಷದ ಆಸೆ ಈಡೇರಿತ್ತು. ಆದರೆ ಆ ವಾಸನೆ ಬಂದು ಹೋದ ಮೇಲೆ ಅಪ್ಪ ಮೊದಲಿಗಿಂತ ಹೆಚ್ಚು ಇಲ್ಲವಾಗಿದ್ದ.

ಅವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಇನ್ನೊಂದು ಕೊಡು" ಎಂದಳು.

ಅಪ್ಪನಿಗೇ ಎಂದುಕೊಂಡು ಕೊಟ್ಟೆ. ಅವಳು ಅದನ್ನು ತುಟಿಗಿಟ್ಟುಕೊಂಡು ಮುಖ ನನ್ನ ಕಡೆ ಚಾಚಿದಳು, ಕಣ್ಣು ಮುಚ್ಚಿಕೊಂಡಳು. ಅವಳ ಕೈಗಳು ನಡುಗುತ್ತಿದ್ದವು. ಬಿಪಿ ಇದೆ, ಕಣ್ಣಿನ ಆಪರೇಷನ್ ಆಗಿದೆ, ಈ ವಯಸ್ಸಿನಲ್ಲಿ ಇದೇನು ಎಂಬ ಮಾತೆಲ್ಲ, ಆ ಶಾಲೆಯ ದನಿಯ ಸಮೇತ, ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನಾನು ಅದನ್ನು ನುಂಗಿಕೊಂಡು, ಅಂಗೈ ಅಡ್ಡ ಹಿಡಿದು, ಹಚ್ಚಿದೆ.