ಕಟ್ಟೆಯ ಮೇಲಿನ ಹೊಂಗೆ

ಬೆಳಗ್ಗೆ ನನ್ನದು ದಿನವೂ ಒಂದೇ ಪಾಠ: ಡಿಕಾಕ್ಷನ್ ಇಳಿಯಲು ಬಿಟ್ಟು, ಬಾಗಿಲಿಗೆ ನೀರು ಹಾಕಿ, ಹಾಲಿಗೆ ಹೋಗುವುದು. ಊರಿಗಾಂನ ನಮ್ಮ ಮನೆಯಿಂದ ಡೇರಿಗೆ ದಾರಿ ದೋಣಿಕೆರೆಯ ಮಣ್ಣುಕಟ್ಟೆಯ ಬುಡದಲ್ಲೇ. ಚಿನ್ನದ ಗಣಿ ಕಂಪನಿಯ ಕಾಲದ ದೊರೆಗಳು ಸಂಜೆ ದೋಣಿ ಬಿಡಲೆಂದು ಕಟ್ಟಿಸಿದ ಪುಟ್ಟ ಕೆರೆ ಅದು; ಈಗ ಭಾನುವಾರ ಮಕ್ಕಳು ಪೆಡಲ್ ದೋಣಿ ತುಳಿಯುತ್ತಾರೆ. ಇವತ್ತು ವಾಪಸ್ ಬರುವಾಗ ಚಪ್ಪಲಿ ಪಚಕ್ಕೆಂದಿತು. ಮಳೆ ಬಿದ್ದು ಎರಡು ತಿಂಗಳಾಗಿದೆ. ತಲೆಯೆತ್ತಿದರೆ, ನೇರ ಮೇಲೆ ನನ್ನ ಹೊಂಗೆಮರ.

ನನ್ನದು ಅಂದೆನಲ್ಲ, ಆ ಕಥೆ ನಿಮಗೆ ಹೇಳಿಬಿಡುತ್ತೇನೆ. ಏಳನೇ ಕ್ಲಾಸಿನಲ್ಲಿ ಕಾನ್ವೆಂಟಿನ ಸಿಸ್ಟರ್ ನಮ್ಮನ್ನು ಸಾಲಾಗಿ ನಡೆಸಿಕೊಂಡು ಬಂದು ಕಟ್ಟೆಯುದ್ದಕ್ಕೂ ಸಸಿ ನೆಡಿಸಿದ್ದರು. ಬಿಳಿ ಸಾಕ್ಸಿಗೆ ಕೆಸರು ತಾಗದಂತೆ ನೆಡುವುದೂ ಒಂದು ವಿದ್ಯೆ. ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮಾರನೇ ದಿನ ನೋಡಿದರೆ ಕಟ್ಟೆ ಕಾಯುವ ಮುನಿಯಪ್ಪ ತಾತ ಎಲ್ಲವನ್ನೂ ಕಿತ್ತು ಗುಡ್ಡೆ ಹಾಕುತ್ತಿದ್ದರು. ಅಳುತ್ತಾ ನಿಂತೆ.

"ಅಳ್ಬೇಡ ಕಣಮ್ಮ. ಮರದ ಬೇರು ಕಟ್ಟೆ ಒಳಕ್ಕೋಯ್ತದೆ. ಬೇರು ಸತ್ತು ಕೊಳೆತ್ರೆ ತೂತು. ನೀರಿಗೆ ಅಷ್ಟು ದಾರಿ ಸಾಕು, ಕೆಳಗಿನ ಮನೆಗಳನ್ನ ಕೇಳಿ ಓಯ್ತದಾ?"

ಕಟ್ಟೆ ಬೆವರಿದಾಗ ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು ತಾತನ ಕ್ರಮ. "ತಿಳಿಯಾಗಿದ್ರೆ ಟೈಮೈತೆ. ಕೆಂಪಗೆ ಬಂದ್ರೆ ಕಟ್ಟೆ ಮಣ್ಣು ಕರಗ್ತಾ ಐತೆ ಅಂತ. ಆಗ ಊರೆಬ್ಬಿಸಬೇಕು."

ಅವರು ಅತ್ತ ಹೋದದ್ದೇ, ಗುಡ್ಡೆಯಿಂದ ನನ್ನ ಸಸಿ ಹೆಕ್ಕಿ ಪೊದೆಯ ಮರೆಯಲ್ಲಿ ಮತ್ತೆ ನೆಟ್ಟೆ. ವಿಧೇಯ ಹುಡುಗಿಯ ಒಂದೇ ಒಂದು ಕಳ್ಳತನ. ತಾತ ತೀರಿಕೊಂಡರು, ಮರ ಬೆಳೆಯಿತು, ಕೆಳಗೆ ಕಲ್ಲುಬೆಂಚೂ ಬಂತು. ಎಲ್ಲರೂ ನೆರಳನ್ನು ಹೊಗಳುವಾಗ ನಾನು ಒಳಗೊಳಗೇ ಬೀಗುತ್ತಿದ್ದೆ.

ಇವತ್ತು ಹಾಲು ಮನೆಯಲ್ಲಿಟ್ಟು ಗಾಜಿನ ಲೋಟ ಹಿಡಿದು ಮತ್ತೆ ಹೋದೆ. ಹುಲ್ಲು ಸರಿಸಿ ಒತ್ತಿ ಹಿಡಿದರೆ ಹನಿಹನಿಯಾಗಿ ತುಂಬಿತು. ಇಪ್ಪತ್ತು ಹೆಜ್ಜೆಯಾಚೆ ನಮ್ಮ ಸಾಲಿನ ಮೊದಲ ಮನೆ, ಸೆಲ್ವಿಯದು. ಹಗ್ಗದ ಮೇಲೆ ಮೊಮ್ಮಗಳ ಯೂನಿಫಾರಂ ಒಣಗುತ್ತಿತ್ತು. ಲೋಟವನ್ನು ಬಿಸಿಲಿಗೆ ಎತ್ತಿದೆ. ತಿಳಿ.

ತಟ್ಟೆ ಮುಚ್ಚಿದ ಲೋಟದೊಂದಿಗೆ ನಗರಸಭೆಗೆ ಹೋದವಳನ್ನು ನೋಡಿ ಎಂಜಿನಿಯರಮ್ಮ ನಗಲಿಲ್ಲ. ಮಧ್ಯಾಹ್ನವೇ ಬಂದು, ಮಂಡಿಯೂರಿ ನೋಡಿ, ತೂಬು ಎತ್ತಿಸಿ ನೀರು ಇಳಿಸಲು ಶುರು ಮಾಡಿಸಿದರು. "ಒಳ್ಳೇ ಟೈಮಲ್ಲಿ ಬಂದ್ರಿ ಆಂಟಿ. ಒಂದು ಕಡೆ ಬೇರು ಸತ್ತಿದೆ. ಮರ ತೆಗೆದು, ಬೇರೆಲ್ಲ ಅಗೆದು, ಮಳೆಗೆ ಮುಂಚೆ ಜೇಡಿಮಣ್ಣು ತುಂಬಿ ದಮ್ಮಸು ಹೊಡೆಸಿ ಗಟ್ಟಿ ಮಾಡಿಸೋಣ. ಯಾರು ನೆಟ್ರೋ ಇದನ್ನ." ನಾನು ಲೋಟದ ನೀರನ್ನು ಹುಲ್ಲಿಗೆ ಚೆಲ್ಲಿ ಮನೆ ಕಡೆ ತಿರುಗಿದೆ.

ಸಂಜೆ ತಡೆಯಲಾಗಲಿಲ್ಲ. ಸೆಲ್ವಿಯ ಬಾಗಿಲಿಗೇ ಹೋಗಿ, ನೆಟ್ಟವಳು ನಾನೇ ಎಂದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

"ಅಂಗಾದ್ರೆ ಇಷ್ಟು ವರ್ಷ ನಾನು ಕೂತಿದ್ದು ನಿಮ್ ನೆರಳಲ್ಲೇನಾ ಅಕ್ಕಾ? ಓಗ್ಲಿ ಬಿಡಿ. ಮರ ಕಡೀತಾರೆ ಅಂತ ಅದರದ್ದೇ ನಾಲ್ಕು ಕಾಯಿ ಆಯ್ಕೊಂಡ್ ಬಂದಿದೀನಿ, ಈ ಸಲ ನಮ್ ಬಾಗ್ಲಲ್ಲಿ ನೆಡಿ."