ಹೊಸ್ತಿಲ ಹೊರಗೆ ಆಡುವ ಮಾತು

ಕುಷ್ಟಗಿಯ ಈ ಓಣಿಯಲ್ಲಿ ನಲ್ಲಿಯ ಮುಂದಿನ ಕೊಡಗಳ ಸಾಲು ಇನ್ನೂ ಕರಗಿಲ್ಲ. ಲಲಿತಾ ಆಗಲೇ ಸ್ಕೂಟಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಬೀಗ ತೆಗೆದ ಖಾಲಿ ಮನೆಯೊಂದರಲ್ಲಿ ಓಡಾಡುತ್ತಿದ್ದಾರೆ. ಕೈಯಲ್ಲೊಂದು ಬ್ಯಾಟರಿ. ಗೋಡೆಗೆ ಅಂಗೈ ಒತ್ತಿ ಹಸಿ ಇದೆಯೇ ಎಂದು ನೋಡುತ್ತಾರೆ, ಸ್ವಿಚ್ ಬೋರ್ಡಿನ ಹತ್ತಿರ ಮೂಗು ಒಡ್ಡುತ್ತಾರೆ, ಅಡುಗೆಮನೆಯ ಸೂರಿಗೆ ಬೆಳಕು ಬಿಡುತ್ತಾರೆ. ಹಿಂದೆಯೇ ಮನೆ ಕೊಂಡ ಹುಲಗೆಮ್ಮ, ಅವರ ಹಿಂದೆ ಮಗ ನಾಗೇಶ. ಲಲಿತಾರ ಕೆಲಸ ನೋಡಿ ಬರೆಯಲು ಬಂದ ನಾನು ಹೊಸ್ತಿಲ ಹೊರಗೇ ನಿಂತಿದ್ದೇನೆ. ಮೂವರಲ್ಲಿ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಗೊತ್ತಿಲ್ಲದವರು ನೋಡಿದರೆ ಮೂವರು ಕಳ್ಳರು ಎಂದೇ ತಿಳಿದಾರು.

ನೋಡುವುದು ಮುಗಿದ ಮೇಲೆ ಲಲಿತಾ ಅವರಿಬ್ಬರನ್ನೂ ಹೊರಗೆ ಕರೆತಂದು, ಎದುರು ಮನೆಯ ರಾಜಾಬೀ ಅವರ ಕಟ್ಟೆಯ ಮೇಲೆ ಕೂರಿಸುತ್ತಾರೆ.

"ಈಗ ಮಾತಾಡೂಣ್ರಿ," ಎನ್ನುತ್ತಾರೆ. "ಬೆಂಕಿ ಬಿದ್ರ ಏನು, ಗ್ವಾಡಿ ಕುಸದ್ರ ಏನು, ಎಲ್ಲಾ ಇಲ್ಲೇ ಹೇಳ್ತೀನಿ."

ಲಲಿತಾ ಮನೆಗಳಿಗೆ ವಿಮೆ ಮಾಡಿಸುವ ಏಜೆಂಟ್. ಊರು ಯಲಬುರ್ಗಾ, ಓಡಾಟ ಕೊಪ್ಪಳ, ಗಂಗಾವತಿ, ಕುಷ್ಟಗಿಯ ತನಕ. ಜೀವ ವಿಮೆಯ ಏಜೆಂಟರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಮನೆಯ ವಿಮೆ ಎಂದರೆ ಮಾತ್ರ ಜನ ಎದ್ದು ಒಳಗೆ ಹೋಗಿಬಿಡುತ್ತಾರೆ. ಹಾಲು ಉಕ್ಕಿಸದ ಹೊಸ ಮನೆಯಲ್ಲಿ ಬೆಂಕಿ, ಕಳವು, ಕುಸಿತದ ಮಾತೆತ್ತಿದರೆ ಅದು ಮನೆಗೇ ಅಂಟಿಕೊಳ್ಳುತ್ತದೆ ಎಂಬುದು ಹಿರಿಯರ ಅಂಜಿಕೆ. ಆ ಅಂಜಿಕೆಯ ಜೊತೆ ಲಲಿತಾ ಜಗಳಕ್ಕೆ ಇಳಿದವರಲ್ಲ. ಒಳಗೆ ಬರೀ ನೋಡುವುದು, ಕೆಟ್ಟ ಮಾತೆಲ್ಲ ಹೊಸ್ತಿಲ ಹೊರಗೆ ಆಡುವುದು ಎಂದು ತಾವೇ ಒಂದು ರೂಢಿ ಹಾಕಿಕೊಂಡಿದ್ದಾರೆ.

ಹುಲಗೆಮ್ಮ ಗಂಗಾವತಿ ಕಡೆಯ ಗದ್ದೆಗಳಲ್ಲಿ ನಾಟಿ ಹಚ್ಚಿ ಬೆನ್ನು ಬಗ್ಗಿಸಿಕೊಂಡವರು. ಮಗನಿಗೆ ಆಸ್ಪತ್ರೆಯಲ್ಲಿ ಅಟೆಂಡರ್ ಕೆಲಸ ಸಿಕ್ಕ ಮೇಲೆ ಇಬ್ಬರ ದುಡಿಮೆಯನ್ನೂ ಸುರಿದು, ಮಗನ ಹೆಸರಿನಲ್ಲಿ ಬ್ಯಾಂಕ್ ಸಾಲ ಎತ್ತಿ ಕೊಂಡ ಮೊದಲ ಸ್ವಂತ ಮನೆ ಇದು. ನೋಂದಣಿ ಆಗಿರುವುದು ತಾಯಿಯ ಹೆಸರಿನಲ್ಲಿ. ನಾಳೆಯಿಂದ ಆಷಾಢ. ಗೃಹಪ್ರವೇಶ ಶ್ರಾವಣದಲ್ಲಿ. ಅಲ್ಲಿಯತನಕ ಮನೆಗೆ ಬೀಗ, ವಾಸ ಪಕ್ಕದ ಓಣಿಯ ಬಾಡಿಗೆ ಮನೆಯಲ್ಲಿ.

"ಬ್ಯಾಂಕ್ನ್ಯಾಗ ವಿಮಾ ಮಾಡ್ಯಾರಲ್ರಿ ಅಕ್ಕಾರ," ಎನ್ನುತ್ತಾನೆ ನಾಗೇಶ.

"ಅದು ನಿನ್ನ ಜೀವದ್ದಪ್ಪ. ನಿನಗ ಏನರ ಆದ್ರ ಸಾಲ ತೀರತೈತಿ. ಮನಿಗೆ ಆದ್ರ ಅದು ಬರಂಗಿಲ್ಲ."

"ಮಾರಿದವರದು ಒಂದು ಐತಂತ ಹೇಳಿದ್ರು."

"ಅದು ಅವರ ಹೆಸರಿಂದು. ಮನಿ ನಿಮ್ಮದಾತು, ವಿಮಾ ತಾನಾಗಿ ನಿಮ್ಮದಾಗಂಗಿಲ್ಲ."

ನಾಗೇಶ ಇನ್ನೊಂದು ದಾಳ ಉರುಳಿಸುತ್ತಾನೆ. ಮುಂದಿನ ಕೋಣೆಗಳು ಆರ್‌ಸಿಸಿ. ಹಿಂದಿನ ಅಡುಗೆಮನೆಗೆ ಮಾತ್ರ ಮರದ ತೊಲೆಗಳ ಮೇಲೆ ಮಣ್ಣು ಹಾಸಿದ ಹಳೆಯ ಮಾಳಿಗೆ, ಒಳಗಿನಿಂದ ಬಣ್ಣ ಬಳಿದು ಚೆಂದ ಮಾಡಿದ್ದಾರೆ. ಎಲ್ಲವನ್ನೂ ಆರ್‌ಸಿಸಿ ಎಂದೇ ಬರೆದರೆ ಕಂತು ಇಳಿಯುತ್ತದಲ್ಲ ಎಂಬುದು ಅವನ ಆಸೆ. ಲಲಿತಾ ನಗುತ್ತಾರೆ. ಚೌಕಾಸಿ ಈ ನೆಲದ ಗುಣ, ಅವರಿಗೇನೂ ಬೇಸರವಿಲ್ಲ.

"ಇದ್ದದ್ದು ಇದ್ದಂಗ ಬರಸು. ಸುಳ್ಳು ಬರಸಿದ್ರ ಇವತ್ತು ನಾಕು ರೂಪಾಯಿ ಉಳಿತೈತಿ, ನಾಳೆ ಮಾಳಿಗಿ ಬಿದ್ದಾಗ ಏನೂ ಬರಂಗಿಲ್ಲ. ಮನಿ ಖಾಲಿ ಐತಂತನೂ ಬರಸಬೇಕು. ಮತ್ತ ಜಾಗದ ರೇಟು ಹಿಡೀಬ್ಯಾಡ. ಜಾಗ ಸುಡಂಗಿಲ್ಲ. ಮತ್ತ ಕಟ್ಟಾಕ ಎಷ್ಟು ಬೇಕೋ ಅಷ್ಟಕ್ಕ ಮಾಡ್ಸು."

ಗಂಗಾವತಿ ಬಳಿಯ ಹನುಮನಹಳ್ಳಿಯಲ್ಲಿ ಯಾತ್ರಿಕರಿಗೆ ಕೋಣೆ ಬಾಡಿಗೆ ಕೊಡುವವರಿಗೂ ಇವರದು ಇದೇ ಪಾಠ: ಬಾಡಿಗೆಗೆ ಬಿಟ್ಟಿದ್ದರೆ ಬಿಟ್ಟಿದ್ದೇವೆ ಎಂದೇ ಹೇಳಿ. ಹೀಗೆ ಹೇಳಿ ಹೇಳಿಯೇ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದಾರೆ. ದಿನಕ್ಕೆ ನಾಲ್ಕೈದು ಮನೆ ಹತ್ತಿಳಿದರೆ ಒಂದು ಕುದುರುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ಕೂಲಿಗೆ, ಡ್ಯೂಟಿಗೆ ಹೋಗುವವರು ಸಿಗುವುದು ಬೆಳಗಿನಲ್ಲೇ ಆದ್ದರಿಂದ ಯಲಬುರ್ಗಾ ಬಿಡುವಾಗ ಇನ್ನೂ ಕತ್ತಲು. ನನ್ನನ್ನು ಕೇಳಿದರೆ, ಇಷ್ಟು ಹಟ ಬೇರೆಯವರ ಮನೆಯ ಮೇಲೆ ಯಾರಿಗೂ ಇರುವುದಿಲ್ಲ.

ನಾಗೇಶ ಒಪ್ಪಿದ. ಹುಲಗೆಮ್ಮ ಒಪ್ಪಿಲ್ಲ. ಸೆರಗು ಬಾಯಿಗೆ ಹಿಡಿದು ಕೂತಿದ್ದಾರೆ.

"ಹಾಲು ಉಕ್ಕಲಿ ಯವ್ವಾ. ಆಮ್ಯಾಲೆ ನೀ ಹೇಳಿದಂಗ ಆಗಲಿ. ಒಂದ ತಿಂಗಳಾಗ ಏನಾಗತೈತಿ?"

ಲಲಿತಾ ಬ್ಯಾಟರಿ ಪಕ್ಕಕ್ಕಿಟ್ಟು ಹುಲಗೆಮ್ಮನತ್ತ ತಿರುಗುತ್ತಾರೆ. ಆಮೇಲೆ ಹೇಳುತ್ತಾರೆ.

"ನಂದೂ ಒಂದ ತಿಂಗಳ ಇತ್ತು ಯವ್ವಾ."

ಕೊಪ್ಪಳ ಜಿಲ್ಲೆಯಾದ ವರ್ಷ, 1997. ಲಲಿತಾ ಆಗಷ್ಟೇ ಮದುವೆಯಾಗಿ ಬಂದ ಸೊಸೆ. ಗೋಡೆ ಕಟ್ಟುವ ಗೌಂಡಿ ಕೆಲಸದ ಗಂಡ ಮಾರೆಪ್ಪ, ಹೆಂಡತಿಯ ತವರಿನ ಬಂಗಾರ ಮಾರಿ, ಯಲಬುರ್ಗಾದಲ್ಲಿ ಎರಡಂಕಣದ ಮಾಳಿಗೆ ಮನೆ ಕೊಂಡರು. ಅಷ್ಟರಲ್ಲಿ ಆಷಾಢ ಬಂತು. ಬೀಗ ಹಾಕಿ ಶ್ರಾವಣಕ್ಕೆ ಕಾದರು. ಒಂದು ಮಧ್ಯಾಹ್ನ ಪಕ್ಕದ ಹಿತ್ತಲಿನ ಬಣವೆಗೆ ಬೆಂಕಿ ಹತ್ತಿತು. ಆಷಾಢದ ಗಾಳಿ ಅದನ್ನು ಹೊತ್ತು ತಂದು ಮನೆಯ ತೊಲೆಗಳಿಗೆ ಹಚ್ಚಿತು. ಬೀಗ ತೆಗೆಯುವಷ್ಟರಲ್ಲಿ ಮಾಳಿಗೆ ನೆಲದ ಮೇಲಿತ್ತು.

"ನನ್ನ ಮನ್ಯಾಗ ನಾ ಒಂದ ರಾತ್ರಿನೂ ಮಲಗಿಲ್ಲ. ಒಲಿ ಹಚ್ಚಿಲ್ಲ. ಮನಿಗೂ ವಿಮಾ ಇರತೈತಿ ಅಂತ ನನಗ ಯಾರೂ ಹೇಳಿರಲಿಲ್ಲ. ಹೇಳಿದ್ರೂ ಅವಾಗ ನಾನೂ ನಿಮ್ಮಂಗ ಅಂತಿದ್ದೆ, ಹಾಲು ಉಕ್ಕಲಿ ಅಂತ."

ಎಷ್ಟೋ ವರ್ಷ ಬಾಡಿಗೆ ಮನೆಯಲ್ಲಿದ್ದು, ಆಮೇಲೆ ಅದೇ ಜಾಗದಲ್ಲಿ ಎರಡು ಕೋಣೆ ಎಬ್ಬಿಸಿದರು. ಅಲ್ಲಿ ಮೊದಲ ಒಲೆ ಹಚ್ಚಿದ್ದು ಅತ್ತೆ, ಅದು ಹಿರಿಯರ ಹಕ್ಕು. ಈ ಮಧ್ಯೆ ಸ್ತ್ರೀಶಕ್ತಿ ಸಂಘದ ಸಭೆಗೆ ಬಂದಿದ್ದ ಗೋವಿಂದರಾಜ ಎಂಬ ವಿಮಾ ಅಧಿಕಾರಿಯಿಂದ, ಮನೆಗೂ ವಿಮೆ ಇರುತ್ತದೆಂಬ ವಿಷಯ ಕಿವಿಗೆ ಬಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಲಲಿತಾ ಪರೀಕ್ಷೆ ಬರೆದು ಏಜೆಂಟರಾದರು.

ಇತ್ತ ಕಟ್ಟೆಗೆ ರಾಜಾಬೀ ಚಹಾ ತಂದಿಡುತ್ತಾರೆ. ಹುಲಗೆಮ್ಮ ಚಹಾ ಮುಗಿಸಿ, ಬಾಯಿ ಒರೆಸಿಕೊಂಡು, ಕೈ ಚಾಚುತ್ತಾರೆ.

"ಎಲ್ಲಿ ಹೆಬ್ಬಟ್ಟು ಒತ್ತಬೇಕು ತೋರಸು. ಇಲ್ಲೇ ಒತ್ತತೀನಿ. ಕಾಗದ ಮಾತ್ರ ನನ್ನ ಮನಿಯೊಳಗ ಬ್ಯಾಡ. ಹಾಲು ಉಕ್ಕೂತನ ರಾಜಾಬೀ ಮನ್ಯಾಗ ಇರಲಿ."

"ಇರಲಿ ಬಿಡ್ರಿ. ನಮ್ಮ ಟ್ರಂಕಿನ್ಯಾಗ ಇಡ್ತೀನಿ," ಎನ್ನುತ್ತಾರೆ ರಾಜಾಬೀ.

ಶ್ರಾವಣದ ಒಂದು ಸೋಮವಾರ ನಾನು ಮತ್ತೆ ಆ ಓಣಿಗೆ ಬರುತ್ತೇನೆ. ಬಾಗಿಲಿಗೆ ಮಾವಿನ ತೋರಣ. ಮನೆ ನೆಟ್ಟಗಿದೆ, ಏನೂ ಆಗಿಲ್ಲ. ಆದರೂ ಆಷಾಢದಲ್ಲಿ ಒಂದು ದಿನ ಕರೆಂಟಿನ ತಂತಿ ಕಿಡಿ ಉದುರಿಸಿ ಹಿಂದಿನ ಸಂದಿಯ ಮೇವಿನ ಗುಡಿಸಲು ಹೊತ್ತಿಕೊಂಡಿತ್ತಂತೆ. ಜ್ವಾಲೆ ಈ ಮನೆಯ ಕಾಂಪೌಂಡಿನವರೆಗೂ ಬಂದಾಗ ಓಣಿಯವರು ನೀರು ಸುರಿದು ಆರಿಸಿದರಂತೆ.

"ಈಕಿ ಆ ಮಾತಿಂದನ ಬೆಂಕಿ ಬಂತಂತ ಎದಿ ಬಡ್ಕೋತಾಳ ಅನ್ಕೊಂಡಿದ್ದೆ," ಎಂದು ರಾಜಾಬೀ ಹುಲಗೆಮ್ಮನತ್ತ ಕಣ್ಣು ಮಾಡುತ್ತಾರೆ. "ಇಲ್ರಿ. ಕೊಡ ತಗೊಂಡು ನಮ್ಮಕಿಂತ ಮುಂದ ಇದ್ಲು."

ಹಾಗಾದರೆ ಕಟ್ಟಿದ ಕಂತು ಹೋದಂತೆಯೇ ಅಲ್ಲವೇ ಎಂದು ನಾನು ಲಲಿತಾರನ್ನು ಕೆಣಕುತ್ತೇನೆ.

"ಹೋತ್ರಿ. ಹಿಂಗ ಹೋಗಲಿ. ನನ್ನ ಗಿರಾಕಿಗಳೆಲ್ಲಾ ಕಂತು ದಂಡಾತಂತ ನನಗ ಬೈಕೋಂತ ಇರಲಿ."

ಅಡುಗೆಮನೆಯಲ್ಲಿ ಒಲೆ ಹೂಡಿದ್ದಾರೆ. ಹೊಸ ಪಾತ್ರೆಯಲ್ಲಿ ಹಾಲು. ನಾಗೇಶ ತಾಯಿಗೆ ಕಡ್ಡಿಪೆಟ್ಟಿಗೆ ಕೊಡುತ್ತಾನೆ. ಹುಲಗೆಮ್ಮ ಅದನ್ನು ಬಾಗಿಲಲ್ಲಿ ನಿಂತಿದ್ದ ಲಲಿತಾರ ಕೈಗಿಡುತ್ತಾರೆ.

"ನೀ ಹಚ್ಚು."

"ನಾನ್ಯಾಕ್ರಿ ಯವ್ವಾ? ಮನಿ ಹಿರೇರು ನೀವು."

"ಹಿರೇಳು ಹೇಳಾಕತ್ತೀನಿ. ಹಚ್ಚು."

ಲಲಿತಾ ಒಲೆಯ ಮುಂದೆ ಕೂತು ಕಡ್ಡಿ ಗೀರುತ್ತಾರೆ. ಮೊದಲ ಕಡ್ಡಿ ಆರಿಹೋಗುತ್ತದೆ. ಎರಡನೆಯದು ಹತ್ತುತ್ತದೆ. ಹಾಲು ಕಾದು, ಉಬ್ಬಿ, ಅಂಚು ದಾಟಿ ಸುರಿಯುತ್ತದೆ. ಹೆಂಗಸರು ಕುಂಕುಮ ಹಚ್ಚಿಕೊಳ್ಳುತ್ತಾರೆ. ರಾಜಾಬೀ ರಸ್ತೆ ದಾಟಿ ಹೋಗಿ ಟ್ರಂಕಿನಿಂದ ಆ ಕಾಗದ ತಂದು ಹುಲಗೆಮ್ಮನ ಕೈಗೆ ಒಪ್ಪಿಸುತ್ತಾರೆ.

"ಈಗ ಒಳಗ ನಿಂತು ಏನ್ ಬೇಕಾದ್ರೂ ಹೇಳವಾ," ಎನ್ನುತ್ತಾರೆ ಹುಲಗೆಮ್ಮ, "ಬೆಂಕಿ ಅನ್ನು, ಗ್ವಾಡಿ ಬಿತ್ತು ಅನ್ನು. ಅಂಜಿಕಿಲ್ಲ."

ಲಲಿತಾ ಸೆರಗಿನಿಂದ ಕಣ್ಣೊರೆಸಿಕೊಂಡು ಲೋಟ ಕೈಗೆತ್ತಿಕೊಳ್ಳುತ್ತಾರೆ.

"ಹೇಳೂದೆಲ್ಲಾ ಹೊರಗ ಹೇಳಿ ಮುಗಿಸೀನಿ ಯವ್ವಾ. ಒಳಗ ಹಾಲು ಕುಡಿಯಾಕ ಬಂದೀನಿ."