ಒದ್ದೆ ಬಟ್ಟೆಯೊಳಗಿನ ಹಾರ

ಮತ ಎಣಿಕೆಯ ದಿನ ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ಹಾಲು ಕಾಯಿಸಿ, ಮಾವನವರ ಕ್ಷೌರಕ್ಕೆ ಬಿಸಿನೀರು ಇಟ್ಟೆ. ಹೂವಿನ ತಾಯಮ್ಮ ಚೆಂಡುಹೂವಿನ ಹಾರ ತಂದುಕೊಟ್ಟು ಹೋದಳು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಂಟೆಗೊಮ್ಮೆ ನೀರು ಚಿಮುಕಿಸುವುದು ನನ್ನ ಕೆಲಸ. ಗೆದ್ದರೆ ಹಾರ ದೇವರಿಗೆ. ಸೋತರೆ, ದೀಪ ಹಚ್ಚುವ ಮೊದಲು ಮಾವನವರೇ ನಡೆದುಹೋಗಿ ಗೆದ್ದವರ ಕೊರಳಿಗೆ ಹಾಕಬೇಕು. ಇದು ಅವರೇ ಮಾಡಿಕೊಂಡ ನೇಮ.

ಈಗ ಮಾವನವರಿಲ್ಲ. ಆ ದಿನಕ್ಕೆ ಮೊದಲು ಐದು ಸಲ ಚುನಾವಣೆಗೆ ನಿಂತು ಎರಡು ಸಲ ಶಾಸಕರಾಗಿದ್ದರು. ಅಂದಿನದು ಆರನೆಯದು. ಯಾರಾದರೂ ಕೇಳಿದರೆ, "ಒಂದು ಪೂಲು, ಎರಡು ಸಾಲಿ, ಮೂರು ಸೋಲು. ಇಷ್ಟ ನನ್ನ ಕಥಿ" ಎನ್ನುತ್ತಿದ್ದರು. ಹಳ್ಳಕ್ಕೆ ತಾವೇ ಕಟ್ಟಿಸಿದ ಆ ಪೂಲಿನ ಮೇಲೆ ಹೋಗುವಾಗ ಮಾತ್ರ ಜೀಪಿನಿಂದಿಳಿದು ನಡೆಯುತ್ತಿದ್ದರು. ನಮ್ಮದು ಗಡಿಯೂರು; ಮತ ಕೇಳುವುದು ತೆಲುಗಿನಲ್ಲಿ, ಮನೆಯಲ್ಲಿ ಸೊಸೆಯನ್ನು ಛೇಡಿಸುವುದು ಕನ್ನಡದಲ್ಲಿ. ಗದ್ವಾಲದ ಕಾನ್ವೆಂಟಿನಲ್ಲಿ ಓದಿದ ನಾನು ಬಸ್ಸಿನ ಕಂಡಕ್ಟರಿಗೂ ಥ್ಯಾಂಕ್ಯೂ ಹೇಳುತ್ತೇನೆಂದು ಅವರಿಗೆ ನಗೆ.

ಹಿಂದಿನ ಸಲ ಸೋತಾಗ ಗೆದ್ದವರ ಗುಂಪಿನಲ್ಲಿ ಯಾರೋ ಹಚ್ಚಿದ ಪಟಾಕಿ ಅವರ ಎಡಗಿವಿಯ ಪಕ್ಕದಲ್ಲೇ ಸಿಡಿದಿತ್ತು. ಆಮೇಲೆ ಆ ಕಿವಿ ಕೇಳಿಸಲೇ ಇಲ್ಲ. ಈ ಸಲದ ದ್ವೇಷ ಇನ್ನೂ ಕೆಟ್ಟದಾಗಿತ್ತು. ಎರಡು ದಿನದ ಹಿಂದೆ ನಮ್ಮ ಗೇಟಿಗೆ ಕಲ್ಲು ಬಿದ್ದಿತ್ತು. ಫೋನೆತ್ತಿದರೆ ಅಪರಿಚಿತ ದನಿ: "ಮುಸಲೋಡ್ನಿ ಮಾ ಗಲ್ಲೀಕಿ ರಾವದ್ದನಿ ಚೆಪ್ಪು." ಮುದುಕನಿಗೆ ನಮ್ಮ ಗಲ್ಲಿಗೆ ಬರಬೇಡ ಅಂತ ಹೇಳು. ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಇಳಿಹೊತ್ತಿಗೆ ಎಣಿಕೆ ಕೇಂದ್ರದಿಂದ ನನ್ನ ಗಂಡನ ಫೋನು ಬಂತು. "ಹೋಯ್ತು" ಎಂದಷ್ಟೇ ಹೇಳಿದರು. ಬಟ್ಟೆ ಬಿಚ್ಚಿ, ನೀರು ತೊಟ್ಟಿಕ್ಕುತ್ತಿದ್ದ ಹಾರವನ್ನು ಜೋಳದ ಡ್ರಮ್ಮಿನಲ್ಲಿ ಮೊಳಕೈ ಮುಳುಗುವಷ್ಟು ಆಳಕ್ಕೆ ತೂರಿಸಿ ಮುಚ್ಚಿಬಿಟ್ಟೆ.

ಮಾವನವರು ಇಸ್ತ್ರಿ ಮಾಡಿದ ಧೋತರ ಉಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಹಾರ ಎಲ್ಲೈತವ್ವ?"

"ಬಾಡಿತ್ರಿ ಮಾವಾರೆ, ಒಗದೆ."

ಅವರು ನೆಲ ನೋಡಿದರು. ಮೂಲೆಯಿಂದ ಡ್ರಮ್ಮಿನವರೆಗೂ ನೀರಿನ ಹನಿಗಳು ಸಾಲಾಗಿದ್ದವು.

"ಕಾನ್ವೆಂಟಿನ್ಯಾಗ ಸುಳ್ಳು ಹೇಳಾಕ ಸರಿಯಾಗಿ ಕಲಿಸಿಲ್ಲ ನೋಡು."

ನನಗೆ ಅಳು ಬಂತು. ಫೋನಿನ ವಿಷಯ ಹೇಳಿದೆ. "ಹೋಗಬ್ಯಾಡ್ರಿ. ನೀವು ಗೆದ್ದಾಗ ಯಾರು ಬಂದಿದ್ರು ಹಾರ ಹಾಕಾಕ?"

"ಯಾರೂ ಬರಲಿಲ್ಲ. ಅದಕ್ಕ ಆ ರಾತ್ರಿ ಎರಡೂ ಕಡಿ ಹುಡುಗರು ತಲಿ ಒಡಕೊಂಡ್ರು. ಈಗ ಹೊರಗ ನೋಡು, ನಮ್ಮೋರು ಕಟ್ಟಿ ಮ್ಯಾಲೆ ಹಲ್ಲು ಕಚ್ಚಿಕೊಂಡು ಕುಂತಾರ. ನಾ ಮೊದ್ಲು ಹೂವ ತಗೊಂಡು ಹೋದ್ರ ಅವರು ಕಲ್ಲು ತಗೊಂಡು ಹೋಗಂಗಿಲ್ಲ." ಆಮೇಲೆ ಮೆಲ್ಲಗೆ, "ಅಂಜಿಕಿ ನನಗೂ ಐತವ್ವ. ಇದೊಂದು ಕಿವಿ ಉಳದೈತಿ."

ಡ್ರಮ್ಮಿನ ಮುಚ್ಚಳ ನಾನೇ ತೆಗೆದೆ. ಹಾರ ಕೊಡವಿ ಕೊಟ್ಟೆ. ಅವರು ಕಟ್ಟೆಯ ಮೇಲಿದ್ದವರಿಗೆಲ್ಲ "ಯಾರೂ ಹಿಂದ ಬರಬ್ಯಾಡ್ರಿ" ಎಂದು ಕೈ ತೋರಿಸಿ, ಚಪ್ಪಲಿ ಮೆಟ್ಟಿಕೊಂಡು ಒಬ್ಬರೇ ಹೊರಟರು. ಮೂಲೆ ತಿರುಗುವಾಗ ಬಲಗಿವಿಯ ಮೇಲೆ ಟವೆಲ್ಲು ಎಳೆದುಕೊಂಡಿದ್ದು ಕಂಡಿತು.

ಗೆದ್ದವರ ಗಲ್ಲಿಯಿಂದ ಕೇಳುತ್ತಿದ್ದ ಡೋಲಿನ ಸದ್ದು ನಡುವೆ ಒಮ್ಮೆಲೇ ನಿಂತುಹೋಯಿತು. ಅಷ್ಟು ಭಯ ನನಗೆ ಪಟಾಕಿಯ ಸದ್ದಿಗೂ ಆಗಿರಲಿಲ್ಲ. ದೀಪ ಹಚ್ಚಲು ಹೋದರೆ ಕಡ್ಡಿ ಮೂರು ಸಲ ಆರಿತು. ಬಾಗಿಲಲ್ಲೇ ನಿಂತೆ. ಕಟ್ಟೆಯವರೂ ಎದ್ದು ನಿಂತರು.

ಅಷ್ಟರಲ್ಲಿ ಆ ಗಲ್ಲಿಯ ಕಡೆಯಿಂದಲೇ ಪಕ್ಕದ ಮನೆಯ ಈರಮ್ಮ ಕೈಚೀಲ ಹಿಡಿದು ಬಂದಳು.

"ಒಂದೆಸಳು ಕರಿಬೇವು ಕೊಡವ್ವ. ನಿಮ್ಮ ಮಾವನೋರು ಅಲ್ಲೇ ಚಾ ಕುಡಕೋತ ಕುಂತಾರ. ಗೆದ್ದಾತ ಅಂಗಿ ಜಾಡಿಸಿಕೋತ ಕುಣಿಯಾಕ ಹತ್ಯಾನ, ಬೆನ್ನಾಗೆಲ್ಲ ಕಾಳಂತ. ಏನವ್ವ, ನಿಮ್ಮನ್ಯಾಗ ಹಾರ ಜ್ವಾಳದಾಗ ಇಡತೀರೇನು?"